ಮೆಚ್ಚುಗೆಗೂ ಜಾಗ ಬೇಕು, ಹೊತ್ತು ಬೇಕು

ತೇರು ಎಳೆಯುವಾಗ ಜನ ಬಾಳೆಹಣ್ಣಿಗೆ ದವನ ಸಿಕ್ಕಿಸಿ ಎಸೆಯುತ್ತಾರೆ. ಉತ್ತರ ಕರ್ನಾಟಕದ ಕಡೆ ಉತ್ತತ್ತಿ ಎಸೆಯುತ್ತಾರೆ. ಹಣ್ಣು ಕಳಸಕ್ಕೆ ತಾಗಿದರೆ ಅಂದುಕೊಂಡದ್ದು ಆಗುತ್ತದೆ ಅನ್ನುವ ನಂಬಿಕೆ. ಹಿಂದೆಲ್ಲ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದರು. ಈಚೆಗೆ ಹುಡುಗರು ಸಿಪ್ಪೆಯ ಮೇಲೆ ಪೆನ್ನಿನಲ್ಲಿ ಬರೆದೇ ಎಸೆಯುತ್ತಾರೆ. ನಮ್ಮ ನಾಯಕ ಮುಖ್ಯಮಂತ್ರಿ ಆಗಲಿ, ಮೆಚ್ಚಿದ ಹುಡುಗಿ ಸಿಗಲಿ. ಜೊತೆಗೆ ವರ್ಷಗಟ್ಟಲೆ ಒಂದು ಬೇಡಿಕೆ ತಪ್ಪದೆ ಇರುತ್ತಿತ್ತು: ಈ ಸಲ ಕಪ್ ನಮ್ದೇ ಆಗಲಿ.

ಐಪಿಎಲ್ ಕ್ರಿಕೆಟ್ ಶುರುವಾದ 2008ರಿಂದ ಜನ ಕಾದಿದ್ದರು. ಬೆಂಗಳೂರಿನ ತಂಡ ಆರ್‌ಸಿಬಿ 2009, 2011, 2016ರಲ್ಲಿ ಫೈನಲ್‌ವರೆಗೂ ಹೋಗಿ ಸೋತಿತ್ತು. ಕೊನೆಗೆ 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬ್ ತಂಡವನ್ನು 6 ರನ್ನುಗಳಿಂದ ಸೋಲಿಸಿತು. ಬೆಂಗಳೂರಿನ ಬೀದಿಗಳು ಆ ರಾತ್ರಿ ಮಲಗಲಿಲ್ಲ. ಗುರುತಿಲ್ಲದವರು ತಬ್ಬಿಕೊಂಡರು. ಮಾರನೆಯ ದಿನ ಸಂಜೆ ತಂಡದ ಸಂಭ್ರಮ ನೋಡಲು ಬಂದವರಲ್ಲಿ 11 ಜನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ಗುಂಪಿನ ಒತ್ತಡಕ್ಕೆ ಸಿಕ್ಕಿ ಸತ್ತರು. 50ಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಹುಡುಗರು, ಹುಡುಗಿಯರು. ಯಾರೂ ಜಗಳಕ್ಕೆ ಬಂದವರಲ್ಲ. ಭೇಷ್ ಅನ್ನಲು ಬಂದವರು.

ಆ ದಿನದಿಂದ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ: ಜನಕ್ಕೆ ಬುದ್ಧಿ ಇಲ್ಲ, ಮನೆಯಲ್ಲಿ ಕೂತು ಟಿವಿ ನೋಡಬಾರದಿತ್ತಾ? ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಜನ ಮೆಚ್ಚುಗೆ ತೋರಿಸಲು ಯಾಕೆ ಒಂದು ಕಡೆ ಸೇರುತ್ತಾರೆ ಅನ್ನುವಲ್ಲಿಂದ ಶುರು ಮಾಡಬೇಕು.

ಚಪ್ಪಾಳೆಯನ್ನೇ ನೋಡಿ. ಪೂರ್ವ ಯುರೋಪಿನ ನಾಟಕಮಂದಿರಗಳಲ್ಲಿ ಆಟ ಮುಗಿದ ಮೇಲೆ ಹೊಡೆಯುವ ಚಪ್ಪಾಳೆಯನ್ನು ಕೆಲವು ವಿಜ್ಞಾನಿಗಳು ರೆಕಾರ್ಡ್ ಮಾಡಿ, 2000ದಲ್ಲಿ ಅದರ ಲೆಕ್ಕಾಚಾರ ಪ್ರಕಟಿಸಿದರು. ಮೊದಲು ಎಲ್ಲರೂ ತಮ್ಮ ತಮ್ಮ ವೇಗದಲ್ಲಿ ಜೋರಾಗಿ ತಟ್ಟುತ್ತಾರೆ. ಸ್ವಲ್ಪ ಹೊತ್ತಿಗೆ ಯಾರೂ ಹೇಳದೆ ಎಲ್ಲರ ಕೈ ಒಂದೇ ತಾಳಕ್ಕೆ ಬರುತ್ತದೆ. ಹಾಗೆ ತಾಳ ಕೂಡಬೇಕಾದರೆ ಪ್ರತಿಯೊಬ್ಬರೂ ತಮ್ಮ ವೇಗವನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸಿಕೊಳ್ಳುತ್ತಾರೆ. ಆಗ ಒಟ್ಟು ಸದ್ದು ಕಡಿಮೆಯಾಗುತ್ತದೆ. ಸಾಲದು ಅನ್ನಿಸಿ ಮತ್ತೆ ವೇಗ ಹೆಚ್ಚಿಸುತ್ತಾರೆ, ತಾಳ ತಪ್ಪುತ್ತದೆ, ಮತ್ತೆ ಕೂಡುತ್ತದೆ. ಜನಕ್ಕೆ ಎರಡೂ ಬೇಕು. ಜೋರಾಗಿ ಕೇಳಿಸಬೇಕು, ಒಟ್ಟಾಗಿಯೂ ಇರಬೇಕು. ಟಿವಿ ಮುಂದೆ ಒಬ್ಬರೇ ಕೂತು ತಟ್ಟಿದರೆ ಇದು ಸಿಗುವುದಿಲ್ಲ ಅಲ್ವಾ?

ಇನ್ನೊಂದು ವಿಷಯ ಇದೆ. ಮೆಚ್ಚುಗೆ ಹೇಳಿದರೆ ಸಾಲದು, ಅದು ಮುಟ್ಟಬೇಕಾದವರಿಗೆ ಮುಟ್ಟಬೇಕು.

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಿದ್ದರು. ದುರ್ಯೋಧನನ ಪಾತ್ರ ಮಾಡಿದವರು ಒಂದು ಪದ ಹಾಡಿ ನಿಲ್ಲಿಸಿದರೆ ಹಿಂದಿನಿಂದ ‘ಒನ್ಸ್ ಮೋರ್’ ಅಂತ ಕೂಗು ಬರುತ್ತಿತ್ತು. ಶಿಳ್ಳೆ ಬೀಳುತ್ತಿತ್ತು. ಅಷ್ಟರಲ್ಲಿ ಅವರ ನೆಂಟರು, ಗೆಳೆಯರು ಹಾರ ಹಿಡಿದುಕೊಂಡು ಸ್ಟೇಜ್ ಹತ್ತಿರ ಬರುತ್ತಿದ್ದರು. ಹಾರಕ್ಕೆ ಹತ್ತರ, ಐವತ್ತರ ನೋಟು ಪಿನ್ನು ಮಾಡಿರುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಬಿಡದೆ ಕಾಯುತ್ತಿದ್ದರು. ಮೆಟ್ಟಿಲ ಹತ್ತಿರ ಕಮಿಟಿಯ ಹಿರಿಯರೊಬ್ಬರು ನಿಂತು, ಒಬ್ಬೊಬ್ಬರನ್ನೇ ಮೇಲೆ ಬಿಡುತ್ತಿದ್ದರು. ಹಾರ ಹಾಕಿದವನು ಆ ಕಡೆಯಿಂದ ಇಳಿಯಬೇಕು, ಬಂದ ದಾರಿಯಲ್ಲಿ ವಾಪಸ್ ಬರುವ ಹಾಗಿಲ್ಲ. ಹಾರ ಜಾಸ್ತಿಯಾದರೆ ‘ಇನ್ನು ಮುಂದಿನ ಸೀನಿಗೆ’ ಅಂತ ಅವರು ಕೈ ಅಡ್ಡ ಹಿಡಿಯುತ್ತಿದ್ದರು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಮುಂದಿನ ಸೀನಿಗೆ ತಮ್ಮ ಸರದಿ ಬರುತ್ತದೆ ಅನ್ನುವುದು ಗೊತ್ತಿತ್ತು.

ಆ ಹಿರಿಯರು ಮಾಡುತ್ತಿದ್ದದ್ದು ದೊಡ್ಡ ಕೆಲಸ ಅಂತ ಆಗ ನನಗೆ ಅನ್ನಿಸಿರಲಿಲ್ಲ.

ತೇರಿಗೂ ಇಂಥ ಕಟ್ಟು ಇದೆ. ಯಾವ ದಿನ, ಯಾವ ಹೊತ್ತು, ಯಾವ ಬೀದಿ, ಹಗ್ಗ ಯಾರು ಹಿಡಿಯಬೇಕು, ಗಾಲಿಗೆ ಮರದ ಸನ್ನೆ ಯಾರು ಕೊಡಬೇಕು, ಎಲ್ಲ ತಲೆಮಾರುಗಳಿಂದ ಗೊತ್ತು. ಹಾಗಿದ್ದೂ ತೇರಿನ ಗಾಲಿಗೆ ಸಿಕ್ಕಿ ಸತ್ತವರಿದ್ದಾರೆ. ಹಳೆಯದೆಲ್ಲ ಸುರಕ್ಷಿತ ಅಂತ ನಾನು ಹೇಳುತ್ತಿಲ್ಲ. ಆದರೆ ಜನ ಬಂದೇ ಬರುತ್ತಾರೆ ಅಂತ ತಿಳಿದು, ಅವರಿಗೆ ಬೇಕಾದ ಜಾಗ ಮತ್ತು ಹೊತ್ತನ್ನು ಮೊದಲೇ ಇಟ್ಟುಕೊಂಡ ಏರ್ಪಾಡು ಅದು.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬದಲಾದದ್ದು ಮೆಚ್ಚುಗೆಯ ಅಳತೆ. ಹಾರದ ತೂಕ, ಕಟೌಟಿನ ಎತ್ತರ, ಸೇರಿದ ತಲೆಗಳ ಲೆಕ್ಕ, ವಿಡಿಯೊ ನೋಡಿದವರ ಲೆಕ್ಕ. ಈಗ ಸೇಬಿನ ಹಾರವನ್ನು ಕ್ರೇನಿನಿಂದ ಎತ್ತಿ ನಾಯಕರ ಮುಂದೆ ಇಳಿಸುತ್ತಾರೆ. ಜೆಸಿಬಿಯ ಬಕೆಟ್ಟಿನಲ್ಲಿ ನಿಂತು ಹೂ ಸುರಿಯುತ್ತಾರೆ. 2023ರ ಚುನಾವಣೆಗೆ ಮುಂಚೆ ಕುಮಾರಸ್ವಾಮಿಯವರ ಪಂಚರತ್ನ ಯಾತ್ರೆಗೆ ಊರೂರಲ್ಲಿ ಬಗೆಬಗೆಯ ಹಾರ ಬಂದವು. ಕೊಬ್ಬರಿ ಹಾರವೂ ಸೇರಿ ಅಲ್ಲಲ್ಲಿನ ಬೆಳೆಯಿಂದ ಮಾಡಿದವು ಅದರಲ್ಲಿದ್ದವು. ತಮ್ಮ ನೆಲದ ಬೆಳೆಯನ್ನು ಹಾರ ಮಾಡಿ ತರುವುದರಲ್ಲಿ ಒಂದು ಚಂದ ಇದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕ್ರೇನಿನ ಹಾರವನ್ನು ಕೊರಳಿಗೆ ಹಾಕಲು ಆಗುವುದಿಲ್ಲ. ಅದನ್ನು ನೋಡುವುದು ಮೇಲಿನಿಂದ ಹಾರುವ ಡ್ರೋನ್ ಕ್ಯಾಮೆರಾ. ಮೆಚ್ಚಿದವರು, ಮೆಚ್ಚಿಸಿಕೊಂಡವರು ಇಬ್ಬರೂ ಅಲ್ಲಿ ಇನ್ನೊಬ್ಬರಿಗೆ ಕಾಣಬೇಕಾದ ಚಿತ್ರದ ಭಾಗ ಆಗಿಬಿಡುತ್ತಾರೆ.

ಜನರ ಮೆಚ್ಚುಗೆಯನ್ನು ಪ್ರದರ್ಶನಕ್ಕೆ ಇಡುವುದು ಹೊಸ ವಿಷಯ ಅಲ್ಲ. ರೋಮಿನ ದೊರೆ ನೀರೋ ತಾನು ಹಾಡುವಾಗ ಚಪ್ಪಾಳೆ ಹೊಡೆಯಲು 5,000ಕ್ಕೂ ಹೆಚ್ಚು ಯುವಕರನ್ನು ಇಟ್ಟುಕೊಂಡಿದ್ದ. ದುಂಬಿಯ ಝೇಂಕಾರದ ಹಾಗೆ, ಹಂಚಿನ ಹಾಗೆ, ಇಟ್ಟಿಗೆಯ ಹಾಗೆ ಅಂತ ಚಪ್ಪಾಳೆಯಲ್ಲೇ ಬೇರೆ ಬೇರೆ ಬಗೆ ಕಲಿಸಿದ್ದ. ಇದನ್ನು ಸ್ಯೂಟೋನಿಯಸ್ ಬರೆದಿಟ್ಟಿದ್ದಾನೆ. 19ನೇ ಶತಮಾನದ ಪ್ಯಾರಿಸ್ಸಿನಲ್ಲಿ ದುಡ್ಡು ಕೊಟ್ಟರೆ ಚಪ್ಪಾಳೆ ಹೊಡೆಯುವವರು, ನಗುವವರು, ಅಳುವವರು ನಾಟಕಮಂದಿರಕ್ಕೆ ಬರುತ್ತಿದ್ದರು. ನಮ್ಮ ಸಭೆಗಳಿಗೆ ತಲೆಗಿಷ್ಟು ಅಂತ ಕೊಟ್ಟು ಬಸ್ಸಿನಲ್ಲಿ ಜನರನ್ನು ಕರೆತರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೂಲಿಯವರ ಮಾತು ಬಿಡಿ. ನನಗೆ ಸಂಕಟ ಆಗುವುದು ಪ್ರೀತಿಯಿಂದ ಬರುವವರ ಬಗ್ಗೆ.

2024ರ ಜನವರಿ 8ರಂದು ನಟ ಯಶ್ ಹುಟ್ಟುಹಬ್ಬ. ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ರಾತ್ರಿ ಕಟೌಟ್ ನಿಲ್ಲಿಸುವಾಗ ಕರೆಂಟ್ ತಗುಲಿ ಮೂವರು ಯುವಕರು ಸತ್ತರು. ಯಶ್ ಆ ಊರಿಗೆ ಹೋದರು. ಅಭಿಮಾನವನ್ನು ಈ ರೀತಿ ತೋರಿಸಬೇಡಿ ಅಂತ ಕೇಳಿಕೊಂಡರು. ಆ ಹುಡುಗರ ಮೆಚ್ಚುಗೆಯಲ್ಲಿ ಒಂಚೂರೂ ಸುಳ್ಳು ಇರಲಿಲ್ಲ. ಅದನ್ನು ತೋರಿಸಲು ಅವರ ಕೈಗೆ ಸಿಕ್ಕ ದಾರಿ ಕಟೌಟ್ ಒಂದೇ. ಎತ್ತರ ಜಾಸ್ತಿಯಾದಷ್ಟೂ ಪ್ರೀತಿ ಜಾಸ್ತಿ ಅನ್ನುವ ಲೆಕ್ಕವನ್ನು ಅವರು ಹುಟ್ಟಿಸಿದ್ದಲ್ಲ. ದೊಡ್ಡ ಊರುಗಳ ಚಿತ್ರಮಂದಿರಗಳ ಎದುರು ನೋಡಿ ಕಲಿತದ್ದು.

ಈಗ ಜೂನ್ 4ಕ್ಕೆ ವಾಪಸ್ ಬರೋಣ. ಪಂದ್ಯ ಮುಗಿದು 24 ಗಂಟೆ ಕೂಡ ಆಗಿರಲಿಲ್ಲ. ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ, ಆಮೇಲೆ ಕ್ರೀಡಾಂಗಣದಲ್ಲಿ ಸಂಭ್ರಮ. ವಿಜಯದ ಮೆರವಣಿಗೆ ಇದೆ ಅಂತ ತಂಡದ ಕಡೆಯಿಂದ ಸಾಮಾಜಿಕ ಜಾಲತಾಣದಲ್ಲಿ ಪ್ರಕಟಣೆ ಬಂತು. ಮೆರವಣಿಗೆ ಇಲ್ಲ ಅಂತ ಪೊಲೀಸರು ಹೇಳಿದರು. ಉಚಿತ ಪಾಸ್ ಇದೆ ಅಂತ ಒಂದು ಸುದ್ದಿ, ಪಾಸ್ ಇಲ್ಲದೆಯೂ ಬಿಡುತ್ತಾರೆ ಅಂತ ಇನ್ನೊಂದು ಮಾತು. ಮೆಟ್ರೊದಲ್ಲಿ ಬಂದ ಹುಡುಗನಿಗೆ ಇದರಲ್ಲಿ ಯಾವುದು ನಿಜ ಅಂತ ಹೇಗೆ ಗೊತ್ತಾಗಬೇಕು? ಅವನು ಗೇಟಿನ ಕಡೆ ನಡೆದ. ಬೇರೆ ಯಾವ ದಾರಿಯನ್ನೂ ಅವನಿಗೆ ಯಾರೂ ತೋರಿಸಿರಲಿಲ್ಲ.

ಕ್ರೀಡಾಂಗಣದಲ್ಲಿ ಕೂರಬಹುದಾದವರು ಸುಮಾರು 35,000. ಆ ದಿನ ಬಂದವರು 2ರಿಂದ 3 ಲಕ್ಷ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹೇಳಿದರು. ಒಂದು ಚದರ ಮೀಟರ್ ಅಂದರೆ ಸುಮಾರು ಮೂರೂಕಾಲು ಅಡಿ ಉದ್ದ, ಮೂರೂಕಾಲು ಅಡಿ ಅಗಲ. ಅಷ್ಟು ಜಾಗದಲ್ಲಿ ಇಬ್ಬರು ನಿಂತರೆ ಆರಾಮ. ನಾಲ್ವರು ನಿಂತರೆ ಮೈಗೆ ಮೈ ತಾಗುತ್ತದೆ. ಹಾಗೆ ಒತ್ತಾಗಿ ನಿಲ್ಲಿಸಿದರೂ 2 ಲಕ್ಷ ಜನಕ್ಕೆ 50,000 ಚದರ ಮೀಟರ್, ಅಂದರೆ 12 ಎಕರೆಗಿಂತ ಜಾಸ್ತಿ ಖಾಲಿ ನೆಲ ಬೇಕು. ಆರಾಮಾಗಿ ನಿಲ್ಲಬೇಕಾದರೆ ಅದರ ಎರಡರಷ್ಟು. ಕ್ರೀಡಾಂಗಣದ ಸುತ್ತ ಇರುವುದು ಫುಟ್‌ಪಾತು ಮತ್ತು ರಸ್ತೆ. ಈ ಲೆಕ್ಕ ಹಾಕಲು ಕಾಗದದ ಒಂದು ತುಂಡು ಸಾಕು.

ಚದರ ಮೀಟರಿಗೆ ಆರು ಏಳು ಜನ ಆದಾಗ ಏನಾಗುತ್ತದೆ ಅಂತ ಎಲ್ಲರೂ ತಿಳಿದುಕೊಳ್ಳಬೇಕು. ಆಗ ಯಾರೂ ತಮ್ಮ ಇಷ್ಟದಂತೆ ಹೆಜ್ಜೆ ಇಡಲು ಆಗುವುದಿಲ್ಲ. ಗುಂಪು ನೀರಿನ ಹಾಗೆ ಹೊಯ್ದಾಡಲು ಶುರುವಾಗುತ್ತದೆ. ಹಿಂದೆ ನಿಂತವರು ಸುಮ್ನೆ ಅರ್ಧ ಹೆಜ್ಜೆ ಮುಂದೆ ಇಟ್ಟರೂ ಅದರ ಒತ್ತಡ ನೂರಾರು ಮೈಗಳನ್ನು ದಾಟಿ ಮುಂದಿನ ಕಂಬಿಗೆ ಬಂದು ಸೇರುತ್ತದೆ. ಕಬ್ಬಿಣದ ಕಂಬಿ ಬಾಗುವಷ್ಟು ಒತ್ತಡ. ಎದೆ ಉಬ್ಬಲು ಜಾಗ ಇರುವುದಿಲ್ಲ. ಉಸಿರು ಒಳಗೆ ಹೋಗುವುದಿಲ್ಲ. ಇಂಥ ಕಡೆ ಹೆಚ್ಚಿನವರು ಸಾಯುವುದು ಉಸಿರುಕಟ್ಟಿ, ಕೆಲವರಂತೂ ನಿಂತಲ್ಲೇ.

ಅದಕ್ಕೇ ‘ಕಾಲ್ತುಳಿತ’ ಅನ್ನುವ ಮಾತಿನ ಬಗ್ಗೆ ನನಗೆ ತಕರಾರು ಇದೆ. ಪತ್ರಿಕೆಗಳಲ್ಲಿ, ಟಿವಿಯಲ್ಲಿ, ಸರ್ಕಾರದ ಕಾಗದಗಳಲ್ಲಿ ಇದೇ ಪದ. ಕಾಲಲ್ಲಿ ತುಳಿದವರು ಯಾರು? ಜನ. ಹಾಗಾದರೆ ತಪ್ಪು ಯಾರದ್ದು? ಜನರದ್ದೇ. ತನಿಖೆ ಶುರುವಾಗುವ ಮೊದಲೇ ಪದವೇ ತೀರ್ಪು ಕೊಟ್ಟುಬಿಡುತ್ತದೆ. ಮುಂದೆ ಇರುವವರಿಗೆ ಉಸಿರಾಡಲು ಆಗುತ್ತಿಲ್ಲ ಅನ್ನುವುದು ಐವತ್ತು ಅಡಿ ಹಿಂದೆ ನಿಂತವರಿಗೆ ಗೊತ್ತೇ ಆಗುವುದಿಲ್ಲ. ಕೂಗು ಕೇಳಿದರೂ ಅದು ಸಂಭ್ರಮದ ಕೇಕೆ ಅಂತಲೇ ಅನ್ನಿಸುತ್ತದೆ. ‘ಜನದೊತ್ತಡದ ಸಾವು’ ಅಂದರೆ ವಿಷಯಕ್ಕೆ ಇನ್ನೂ ಹತ್ತಿರ.

ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ 1989ರ ಏಪ್ರಿಲ್ 15ರಂದು ಫುಟ್‌ಬಾಲ್ ನೋಡಲು ಬಂದವರು ಹೀಗೇ ಕಟಕಟೆಯಂಥ ಬೇಲಿಯೊಳಗೆ ಒತ್ತಡಕ್ಕೆ ಸಿಕ್ಕಿದರು. ಆ ದುರಂತಕ್ಕೆ ಬಲಿಯಾದವರು 97 ಜನ. ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರು ಅಂತ ಮೊದಲ ದಿನವೇ ಸುದ್ದಿ ಹಬ್ಬಿಸಿದರು. ನಿಜವಾಗಿ ಗೇಟು ತೆಗೆಸಿದ್ದು ಪೊಲೀಸರು. ಅಭಿಮಾನಿಗಳ ತಪ್ಪಿಲ್ಲ ಅಂತ ವಿಚಾರಣೆಯ ಜ್ಯೂರಿ ಹೇಳುವ ಹೊತ್ತಿಗೆ 2016 ಬಂದಿತ್ತು. 27 ವರ್ಷ ಆ ಮನೆಯವರು ಸತ್ತ ಮಕ್ಕಳ ಹೆಸರಿಗೆ ಅಂಟಿದ ಕಳಂಕ ಒರೆಸಲು ಹೋರಾಡಿದರು.

ಒತ್ತಡ ಮೀರುವ ಮೊದಲು ಸುಳಿವು ಸಿಗುತ್ತದೆಯಾ? ಸಿಗುತ್ತದೆ. ಸ್ಪೇನಿನ ಪಾಂಪ್ಲೋನಾ ಊರಲ್ಲಿ ಪ್ರತಿ ವರ್ಷ ಜುಲೈ 6ರಂದು ಸಾನ್ ಫೆರ್ಮಿನ್ ಹಬ್ಬ ಶುರುವಾಗುತ್ತದೆ. ಪುರಸಭೆ ಎದುರಿನ ಚಿಕ್ಕ ಚೌಕದಲ್ಲಿ ಸಾವಿರಾರು ಜನ ಇಕ್ಕಟ್ಟಾಗಿ ನಿಂತು ಕುಣಿಯುತ್ತಾರೆ. ಫ್ರಾನ್ಸಿನ ಭೌತವಿಜ್ಞಾನಿಗಳು ಹಲವು ವರ್ಷ ಇದನ್ನು ಬಾಲ್ಕನಿಗಳಿಂದ ಚಿತ್ರೀಕರಿಸಿದರು. 2025ರಲ್ಲಿ ಪ್ರಕಟವಾದ ಅವರ ಕೆಲಸ ಹೇಳುವುದು ಇದು: ಚದರ ಮೀಟರಿಗೆ ಸುಮಾರು ನಾಲ್ಕು ಜನ ದಾಟಿದ ಮೇಲೆ, ಯಾರೂ ತಳ್ಳದೆಯೇ, ನೂರಾರು ಜನ ಒಟ್ಟಾಗಿ ಸುತ್ತು ಹಾಕುವ ಹಾಗೆ ತೂಗಲು ಶುರುವಾಗುತ್ತಾರೆ. ಒಂದು ಸುತ್ತಿಗೆ ಸುಮಾರು 18 ಸೆಕೆಂಡ್. 2010ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗಿನಲ್ಲಿ 21 ಜನ ಸತ್ತ ಸಂಗೀತೋತ್ಸವದ ವಿಡಿಯೊಗಳಲ್ಲೂ ಅವರಿಗೆ ಇದೇ ತೂಗಾಟ ಕಂಡಿತು. ಅಂದರೆ ಎತ್ತರದಲ್ಲಿ ಒಂದು ಕ್ಯಾಮೆರಾ, ಅದನ್ನು ನೋಡಲು ಒಬ್ಬ ತಿಳಿದವರು, ಅವರು ಹೇಳಿದ ತಕ್ಷಣ ಜನ ಬರುವ ದಾರಿ ತಡೆಯುವ ಇನ್ನೊಬ್ಬರು. ಇಷ್ಟಿದ್ದರೆ ಜೀವ ಉಳಿಸಲು ಒಂದಿಷ್ಟು ಹೊತ್ತು ಸಿಗುತ್ತದೆ.

ಹೊತ್ತು ಎಷ್ಟು ಮುಖ್ಯ ಅನ್ನುವುದಕ್ಕೆ ಬೆಂಗಳೂರೇ ಎರಡು ಉದಾಹರಣೆ ಕೊಟ್ಟಿದೆ. ಅಭಿಮಾನಿಗಳನ್ನು ‘ದೇವರು’ ಅಂತ ಕರೆದವರು ರಾಜ್‌ಕುಮಾರ್. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡರು. ಮರುದಿನವೇ ಅಂತ್ಯಕ್ರಿಯೆ. ಕೊನೆಯ ಸಲ ಮುಖ ನೋಡಬೇಕು ಅಂತ ಬಂದವರಿಗೆ ಎಲ್ಲಿ ನಿಲ್ಲಬೇಕು, ಯಾವಾಗ ಕಾಣಿಸುತ್ತದೆ ಅನ್ನುವುದೇ ಗೊತ್ತಾಗಲಿಲ್ಲ. ದುಃಖ ಸಿಟ್ಟಾಯಿತು. ಗಲಭೆ, ಬೆಂಕಿ, ಗೋಲಿಬಾರ್. ಒಬ್ಬ ಪೊಲೀಸ್ ಪೇದೆಯೂ ಸೇರಿ ಹಲವರು ಸತ್ತರು.

15 ವರ್ಷ ಆದ ಮೇಲೆ, 2021ರ ಅಕ್ಟೋಬರ್ 29ರಂದು ಮಗ ಪುನೀತ್ ತೀರಿಕೊಂಡಾಗ ಅದೇ ಊರು, ಅದೇ ಮನೆತನದ ಅಭಿಮಾನಿಗಳು. ಸುದ್ದಿ ಇನ್ನೂ ದೊಡ್ಡ ಆಘಾತ, ವಯಸ್ಸು 46. ಕಂಠೀರವ ಕ್ರೀಡಾಂಗಣದಲ್ಲಿ ದರ್ಶನಕ್ಕೆ ಇಟ್ಟರು. ಸಾಲು ಹಗಲೂ ರಾತ್ರಿ ನಡೆಯಿತು. ಜನ ಇನ್ನೂ ಬರುತ್ತಿದ್ದಾರೆ ಅಂತ ಅಂತ್ಯಕ್ರಿಯೆಯನ್ನು ಶನಿವಾರದಿಂದ ಭಾನುವಾರಕ್ಕೆ ಮುಂದೂಡಿದರು. ಸಾಲಿನ ತುದಿಯಲ್ಲಿ ನಿಂತವನಿಗೂ ತನಗೆ ಮುಖ ಕಾಣಿಸುತ್ತದೆ ಅನ್ನುವ ಭರವಸೆ ಇತ್ತು. ಹಾಗಾಗಿ ನೂಕಲಿಲ್ಲ. ಆಮೇಲೆ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು, ಪುನೀತ್ ಕಣ್ಣು ಕೊಟ್ಟಿದ್ದರು ಅನ್ನುವ ಕಾರಣಕ್ಕೆ. ನನ್ನ ಮಟ್ಟಿಗೆ ಕನ್ನಡ ನಾಡು ಕಂಡ ಅತಿ ದೊಡ್ಡ ಜೈಕಾರ ಅದು.

ಹದಿನೈದು ವರ್ಷದಲ್ಲಿ ಜನ ಬದಲಾದರು ಅಂತ ಕೆಲವರು ಹೇಳುತ್ತಾರೆ. ಹಾಗಿದ್ದರೆ 2025ಕ್ಕೆ ಮತ್ತೆ ಹಾಳಾದರಾ? ಬದಲಾದದ್ದು ಅವರಿಗೆ ಸಿಕ್ಕ ಜಾಗ ಮತ್ತು ಹೊತ್ತು.

ಬೇರೆ ಕಡೆಯೂ ಇದೇ ಕಾಣುತ್ತದೆ. 2025ರ ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನಲ್ಲಿ ನಟ ವಿಜಯ್ ಸಭೆಗೆ ಜನ ಮಧ್ಯಾಹ್ನದಿಂದ ಕಾದಿದ್ದರು. ಅವರು ಬಂದದ್ದು ಸಂಜೆ ಕಳೆದ ಮೇಲೆ. ಬಿಸಿಲಲ್ಲಿ ನಿಂತು ಬಳಲಿದ್ದವರ ನಡುವೆ ನೂಕುನುಗ್ಗಲು ಆಗಿ 41 ಜನ ಸತ್ತರು. 2022ರ ಡಿಸೆಂಬರ್ 20ರಂದು ಅರ್ಜೆಂಟೀನಾ ವಿಶ್ವಕಪ್ ಗೆದ್ದು ಬಂದಾಗ ಬ್ಯೂನಸ್ ಐರಿಸ್ಸಿನಲ್ಲಿ ಸುಮಾರು 40 ಲಕ್ಷ ಜನ ಬೀದಿಗೆ ಬಂದರು ಅನ್ನುವ ಅಂದಾಜು ಇದೆ. ಬಸ್ಸಿನ ಮೆರವಣಿಗೆ ಮುಂದೆ ಹೋಗಲು ಆಗಲಿಲ್ಲ. ಅಲ್ಲಿಗೇ ನಿಲ್ಲಿಸಿ ಆಟಗಾರರನ್ನು ಹೆಲಿಕಾಪ್ಟರಿಗೆ ಹತ್ತಿಸಿದರು, ಊರ ಮೇಲೆ ಒಂದು ಸುತ್ತು ಹಾಕಿಸಿದರು. ಬಹಳ ಜನಕ್ಕೆ ನಿರಾಸೆ ಆಯಿತು. ಆದರೆ ನಡುದಾರಿಯಲ್ಲಿ ‘ಸಾಕು’ ಅನ್ನುವ ತೀರ್ಮಾನ ತೆಗೆದುಕೊಳ್ಳಲು ಅಲ್ಲಿ ಯಾರೋ ಇದ್ದರು.

ಚಿನ್ನಸ್ವಾಮಿ ಘಟನೆಯ ನಂತರ ನಗರದ ಪೊಲೀಸ್ ಕಮಿಷನರ್ ಸೇರಿ ಹಲವು ಅಧಿಕಾರಿಗಳ ಅಮಾನತು ಆಯಿತು. ನ್ಯಾಯಮೂರ್ತಿ ಜಾನ್ ಮೈಕಲ್ ಡಿ’ಕುನ್ಹಾ ಅವರ ವಿಚಾರಣಾ ಆಯೋಗ ಕೂತಿತು. ಒಬ್ಬ ಅಧಿಕಾರಿಯ ಅಮಾನತಿನ ಪ್ರಕರಣದಲ್ಲಿ ಕೇಂದ್ರ ಆಡಳಿತ ನ್ಯಾಯಮಂಡಳಿ, ಪೊಲೀಸರೂ ಮನುಷ್ಯರೇ, ಅವರು ದೇವರೂ ಅಲ್ಲ ಮಂತ್ರವಾದಿಗಳೂ ಅಲ್ಲ ಅನ್ನುವ ಅರ್ಥದ ಮಾತು ಹೇಳಿತು. ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ಬೇರೆ ಊರುಗಳಿಗೆ ಹೋದವು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ನವಿ ಮುಂಬೈಯಲ್ಲಿ ಕಪ್ ಎತ್ತಿದರು.

ಅದೇ ವರ್ಷ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆ ಒಂದು ಮಸೂದೆಯನ್ನೂ ತಂದಿತು. ಆಯೋಜಕರು ಮೊದಲೇ ಅರ್ಜಿ ಹಾಕಬೇಕು, ಎಷ್ಟು ಜನ ಬರುತ್ತಾರೆ ಅಂತ ಹೇಳಬೇಕು, ಸಂಖ್ಯೆಗೆ ತಕ್ಕ ಹಾಗೆ ಬೇರೆ ಬೇರೆ ಹಂತದ ಅಧಿಕಾರಿಯಿಂದ ಅನುಮತಿ ಪಡೆಯಬೇಕು, ಅನಾಹುತ ಆದರೆ ಶಿಕ್ಷೆ. ಹೊಣೆ ಯಾರದ್ದು ಅಂತ ಕಾಗದದ ಮೇಲೆ ಬರುವುದು ಒಳ್ಳೆಯದೇ. ಆದರೆ ನನ್ನ ಚಿಂತೆ ಬೇರೆ. ಗೆಲುವು ಅರ್ಜಿ ಹಾಕಿ ಬರುವುದಿಲ್ಲ. ರಾತ್ರಿ ಗೆದ್ದರೆ ಬೆಳಗ್ಗೆ ಜನ ಫೋನು ನೋಡಿ ಹೊರಡುತ್ತಾರೆ. ಒಂದು ಪೋಸ್ಟಿಗೆ ಎಷ್ಟು ಲಕ್ಷ ಜನ ಎದ್ದು ಬರುತ್ತಾರೆ ಅಂತ ಅರ್ಜಿಯ ಖಾನೆಯಲ್ಲಿ ಯಾರು ತುಂಬುತ್ತಾರೆ? ದಂಡದ ಭಯಕ್ಕೆ ಸಂಖ್ಯೆ ಕಡಿಮೆ ಬರೆಯುವವರೂ ಇರುತ್ತಾರೆ. ಇನ್ನೊಂದು ಕಡೆ, ಊರಿನ ಸಣ್ಣ ಹಬ್ಬ, ಹೋರಾಟದ ಸಭೆಗಳನ್ನು ಇದೇ ಕಾನೂನು ತೋರಿಸಿ ತಡೆಯುವ ಅಪಾಯವೂ ಇದೆ.

ನಮಗೆ ಮೊದಲೇ ಸಿದ್ಧವಾದ ಜಾಗಗಳು ಬೇಕು. ಬೆಂಗಳೂರಿನಂಥ ಊರಿಗೆ ನಾಲ್ಕೈದು ದಿಕ್ಕಿನಲ್ಲಿ ದೊಡ್ಡ ಬಯಲು, ಬರಲು ಒಂದು ದಾರಿ, ಹೋಗಲು ಇನ್ನೊಂದು, ಕುಡಿಯುವ ನೀರು, ದೊಡ್ಡ ಪರದೆ, ಕೊನೆಯವರಿಗೂ ಕೇಳುವ ಮೈಕು. ಗೆದ್ದ ಮರುದಿನವೇ ಮುಗಿಸಿಬಿಡುವ ಅವಸರ ಬೇಡ. ನಾಲ್ಕು ದಿನ ಬಿಟ್ಟು, ನಾಲ್ಕು ಕಡೆ ಮಾಡಿದರೆ 18 ವರ್ಷ ಕಾದ ಅಭಿಮಾನಿ ಇನ್ನೂ ನಾಲ್ಕು ದಿನ ಸಂತೋಷದಿಂದ ಕಾಯುತ್ತಾನೆ. ಪ್ರಕಟಣೆ ಒಂದೇ ಬಾಯಿಂದ ಬರಬೇಕು. ತಂಡ ಒಂದು, ಪೊಲೀಸರು ಒಂದು, ಮಂತ್ರಿಗಳು ಒಂದು ಅಂತ ಆಗಬಾರದು. ವೇದಿಕೆಯ ಮೇಲೆ ಯಾರು ನಿಲ್ಲಬೇಕು ಅನ್ನುವ ಪಟ್ಟಿ ಮಾಡುವಷ್ಟೇ ಶ್ರದ್ಧೆಯಿಂದ, ಗೇಟಿನ ಹತ್ತಿರ ಯಾರು ನಿಲ್ಲಬೇಕು ಅನ್ನುವ ಪಟ್ಟಿಯನ್ನೂ ಮಾಡಬೇಕು.

ಆ ಗೇಟಿನ ಹತ್ತಿರ ನಿಂತವರ ಮಾತನ್ನು ಒಳಗಿರುವ ದೊಡ್ಡವರು ಕೇಳಬೇಕು. ಹೊರಗೆ ಉಸಿರು ಸಿಗುತ್ತಿಲ್ಲ ಅಂತ ಒಬ್ಬ ಪೇದೆ ವೈರ್‌ಲೆಸ್ಸಿನಲ್ಲಿ ಹೇಳಿದರೆ ಒಳಗಿನ ಹಾಡು ನಿಲ್ಲಬೇಕು, ದೀಪ ಬೆಳಗಬೇಕು, ಮೈಕು ಅವನ ಕೈಗೆ ಬರಬೇಕು. ನಮ್ಮೂರ ನಾಟಕದಲ್ಲಿ ಮೆಟ್ಟಿಲ ಹತ್ತಿರ ನಿಂತ ಹಿರಿಯರು ಕೈ ಎತ್ತಿದರೆ ದುರ್ಯೋಧನ ಕೂಡ ಹಾಡು ನಿಲ್ಲಿಸಿ ಅವರ ಕಡೆ ನೋಡುತ್ತಿದ್ದ.